ಸೂಜಿ ತಾಯಿಗೆ, ಔಷಧ ಮಗುವಿಗೆ

ದಿನ ತುಂಬುವ ಮೊದಲೇ ಹೆರಿಗೆಯಾಗುವ ಸೂಚನೆ ಕಂಡರೆ ಡಾಕ್ಟರು ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಬರೆಯುತ್ತಾರೆ. ಸೂಜಿ ಇಳಿಯುವುದು ತಾಯಿಯ ಮೈಗೆ. ತಾಯಿಗೆ ಮಾತ್ರ ಅದರಿಂದ ಆಗಬೇಕಾದ್ದು ಏನೂ ಇಲ್ಲ. ಔಷಧ ಮಾಸನ್ನು ದಾಟಿ, ಹೊಕ್ಕುಳಬಳ್ಳಿ ಹಿಡಿದು ಹೋಗಿ, ಇನ್ನೂ ಗಾಳಿಯನ್ನೇ ಕಾಣದ ಪುಟ್ಟ ಶ್ವಾಸಕೋಶಗಳನ್ನು ಮುಟ್ಟುತ್ತದೆ. ಕೆಲವು ವಾರ ಬಿಟ್ಟು ಮಾಡಬೇಕಿದ್ದ ಕೆಲಸವನ್ನು ಅಲ್ಲಿನ ಜೀವಕೋಶಗಳು ಈಗಲೇ ಶುರು ಮಾಡುತ್ತವೆ. ಹಸುಗೂಸುಗಳ ಉಳಿವಿನ ಬಗ್ಗೆ ಓದತೊಡಗಿದ ಮೇಲೆ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತದ್ದು ಇದೊಂದು ಸಂಗತಿ. ಹುಟ್ಟಿದ ಮಗುವನ್ನು ಉಳಿಸುವ ಒಳ್ಳೆಯ ಚಿಕಿತ್ಸೆಗಳಲ್ಲಿ ಹಲವನ್ನು ಮಗು ಹುಟ್ಟುವ ಮೊದಲೇ ತಾಯಿಗೆ ಕೊಟ್ಟು ಮುಗಿಸಿರಬೇಕು.

ಇದು ಗೊತ್ತಾದದ್ದು ಕುರಿಮರಿಗಳಿಂದ. 1960ರ ದಶಕದಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಗ್ರಹಾಂ ಲಿಗಿನ್ಸ್ ಎಂಬ ಪ್ರಸೂತಿ ತಜ್ಞರು, ಹೆರಿಗೆ ಯಾವಾಗ ಶುರುವಾಗಬೇಕೆಂದು ತೀರ್ಮಾನಿಸುವುದು ತಾಯಿಯೋ ಹೊಟ್ಟೆಯೊಳಗಿನ ಮರಿಯೋ ಎಂಬುದನ್ನು ಹುಡುಕುತ್ತಿದ್ದರು. ಗರ್ಭದಲ್ಲಿದ್ದ ಮರಿಗೆ ಸ್ಟೀರಾಯ್ಡ್ ಕೊಟ್ಟಾಗ ಕುರಿ ಅವಧಿಗೆ ಮುಂಚೆಯೇ ಈಯಿತು. ಅವರು ಹುಡುಕುತ್ತಿದ್ದ ಉತ್ತರ ಅದೇ. ಆದರೆ ಅಷ್ಟು ಬೇಗ ಹುಟ್ಟಿದ ಮರಿಯೊಂದು, ಸತ್ತೇ ಹುಟ್ಟಬೇಕಿದ್ದ ಮರಿ, ಉಸಿರಾಡುತ್ತಿತ್ತು. ಲಿಗಿನ್ಸ್ ಅದನ್ನು ಕಾಕತಾಳೀಯವೆಂದು ತಳ್ಳಿಹಾಕಲಿಲ್ಲ. ಮಕ್ಕಳ ತಜ್ಞ ರಾಸ್ ಹೋವಿ ಜೊತೆ ಸೇರಿ ಬಸುರಿಯರಲ್ಲಿ ಪ್ರಯೋಗ ನಡೆಸಿ 1972ರಲ್ಲಿ ಫಲಿತಾಂಶ ಪ್ರಕಟಿಸಿದರು. ಔಷಧ ಸಿಗದ ತಾಯಂದಿರ ಮಕ್ಕಳಲ್ಲಿ ಶೇ 25.8 ಮಂದಿಗೆ ತೀವ್ರ ಉಸಿರಾಟದ ತೊಂದರೆ ಬಂದಿತ್ತು. ಸಿಕ್ಕವರ ಮಕ್ಕಳಲ್ಲಿ ಅದು ಶೇ 9.

ಆ ತೊಂದರೆ ಏನೆಂಬುದು ಅದಾಗಲೇ ಗೊತ್ತಿತ್ತು. ಶ್ವಾಸಕೋಶದ ಗಾಳಿಚೀಲಗಳ ಒಳಗೋಡೆಗೆ ಸರ್ಫ್ಯಾಕ್ಟಂಟ್ ಎಂಬ ಜಿಡ್ಡಿನಂಥ ವಸ್ತುವಿನ ಲೇಪ ಇರಬೇಕು. ಅದಿಲ್ಲದಿದ್ದರೆ ಪ್ರತಿ ಸಲ ಉಸಿರು ಬಿಟ್ಟಾಗಲೂ ಚೀಲಗಳು ಅಂಟಿಕೊಂಡು ಮುಚ್ಚಿಹೋಗುತ್ತವೆ. ಮುಂದಿನ ಉಸಿರಿಗೆ ಅವನ್ನು ಮತ್ತೆ ಮೊದಲಿನಿಂದ ಬಿಡಿಸಬೇಕು. ಬೇಗ ಹುಟ್ಟಿದ ಮಗು ಹೀಗೆ ಉಸಿರೆಳೆದು ಎಳೆದು ಸುಸ್ತಾಗುತ್ತದೆ. ಅಮೆರಿಕದ ವೈದ್ಯೆ ಮೇರಿ ಎಲೆನ್ ಏವರಿ ಇದನ್ನು ತೋರಿಸಿಕೊಟ್ಟದ್ದು 1959ರಲ್ಲಿ. ನಾಲ್ಕು ವರ್ಷದ ನಂತರ, 1963ರ ಆಗಸ್ಟ್‌ನಲ್ಲಿ, ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮುಂಚೆ ಹುಟ್ಟಿ ಇದೇ ಕಾಯಿಲೆಯಿಂದ ತೀರಿಕೊಂಡ. ಬದುಕಿದ್ದು 39 ಗಂಟೆ. ತೂಕ ಎರಡು ಕಿಲೋ ದಾಟಿತ್ತು. ಇವತ್ತಿನ ಎನ್‌ಐಸಿಯುಗಳಲ್ಲಿ, ಅಂದರೆ ಹಸುಗೂಸುಗಳ ತೀವ್ರ ನಿಗಾ ಘಟಕಗಳಲ್ಲಿ, ಅಷ್ಟು ವಾರದ, ಅಷ್ಟು ತೂಕದ ಮಗು ಬಂದರೆ ಸಿಸ್ಟರ್‌ಗಳು ಅಕ್ಕಪಕ್ಕದ ಮಕ್ಕಳಿಗೆ ಹೋಲಿಸಿ ‘ಇದು ದೊಡ್ಡ ಮಗು’ ಅನ್ನುತ್ತಾರೆ.

1972ರಲ್ಲೇ ಉತ್ತರ ಸಿಕ್ಕಿದ್ದರೂ ಈ ಇಂಜೆಕ್ಷನ್ ರೂಢಿಗೆ ಬರಲು ಎರಡು ದಶಕ ಬೇಕಾಯಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ತಜ್ಞರ ಸಭೆ ಕರೆದು ಸ್ಪಷ್ಟವಾಗಿ ಶಿಫಾರಸು ಮಾಡಿದ್ದು 1994ರಲ್ಲಿ. ತಡವಾದದ್ದಕ್ಕೆ ಹಲವು ಕಾರಣ ಹೇಳುತ್ತಾರೆ. ನನಗೆ ಅನ್ನಿಸುವ ಕಾರಣ ಒಂದಿದೆ. ಇಂಜೆಕ್ಷನ್ ಕೊಡಬೇಕಾದವರು ಹೆರಿಗೆ ಡಾಕ್ಟರು. ಅದರ ಫಲ ಕಣ್ಣಿಗೆ ಕಾಣುವುದು ಮಕ್ಕಳ ಡಾಕ್ಟರಿಗೆ, ಇನ್ನೊಂದು ಕೋಣೆಯಲ್ಲಿ, ಇನ್ನೊಂದು ಫೈಲಿನಲ್ಲಿ. ತನ್ನ ಕೈಯಿಂದ ಉಳಿದ ಮಗುವನ್ನು ನೋಡದವರಿಗೆ ಆ ಕೆಲಸದ ತುರ್ತು ಹೇಗೆ ಗೊತ್ತಾಗಬೇಕು?

ಲೆಕ್ಕಪತ್ರಗಳೂ ಹೀಗೆಯೇ ಎರಡಾಗಿ ಒಡೆದಿವೆ. 2022ರಲ್ಲಿ ಜಗತ್ತಿನಾದ್ಯಂತ ಸುಮಾರು 23 ಲಕ್ಷ ಶಿಶುಗಳು ಹುಟ್ಟಿದ ಮೊದಲ 28 ದಿನಗಳೊಳಗೆ ತೀರಿಕೊಂಡವು. ಐದು ವರ್ಷದೊಳಗಿನ ಮಕ್ಕಳ ಸಾವಿನಲ್ಲಿ ಇದು ಹೆಚ್ಚುಕಡಿಮೆ ಅರ್ಧ. ಕಾರಣಗಳ ಪಟ್ಟಿ ತೆಗೆದರೆ ಅವಧಿಗೆ ಮುಂಚಿನ ಜನನ, ಹುಟ್ಟುವಾಗ ಉಸಿರುಕಟ್ಟಿದ್ದು, ಸೋಂಕು, ಹುಟ್ಟಿನಿಂದ ಬಂದ ಅಂಗದೋಷ ಎಂದು ಇರುತ್ತದೆ. ಎಲ್ಲ ಮಗುವಿನ ಹೆಸರಿನಲ್ಲಿ. ‘ಅವಧಿಗೆ ಮುಂಚಿನ ಜನನ’ ಎಂಬುದು ಒಂದು ಕಥೆಯ ಕೊನೆಯ ಸಾಲು ಮಾತ್ರ. ಯಾಕೆ ಮುಂಚೆ ಹುಟ್ಟಿತು? ತಾಯಿಯ ಬಿಪಿ ಏರಿತ್ತೋ, ನೀರಿನ ಚೀಲಕ್ಕೆ ಸೋಂಕು ತಗುಲಿತ್ತೋ, ಮಾಸು ಗೋಡೆಯಿಂದ ಬಿಟ್ಟುಕೊಂಡು ರಕ್ತ ಹೋಗಿತ್ತೋ, ಅವಳಿಯಿತ್ತೋ, ಗರ್ಭಕೋಶದ ಬಾಯಿ ಗಿಡ್ಡವಿತ್ತೋ, ಕಾರಣವೇ ಸಿಗಲಿಲ್ಲವೋ. ಇದರಲ್ಲಿ ಒಂದೊಂದೂ ಮಗುವಿಗೆ ಬೇರೆಬೇರೆ ಬಗೆಯ ಅಪಾಯ ಹೊತ್ತು ತರುತ್ತದೆ. ಸೋಂಕಿನಿಂದಾಗಿ ಹುಟ್ಟಿದ ಮೂವತ್ತು ವಾರದ ಮಗುವೂ ಬಿಪಿಯಿಂದಾಗಿ ಹುಟ್ಟಿಸಿದ ಮೂವತ್ತು ವಾರದ ಮಗುವೂ ಒಂದೇ ಅಲ್ಲ.

ಬಿಪಿಯ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಅದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಬಸುರಿನಲ್ಲಿ ಬಿಪಿ ಏರುವ ಕಾಯಿಲೆಯಾದ ಪ್ರಿಎಕ್ಲಾಂಪ್ಸಿಯಾ ಕಣ್ಣಿಗೆ ಬೀಳುವುದು ಇಪ್ಪತ್ತು ವಾರ ಕಳೆದ ಮೇಲೆ, ಹೆಚ್ಚಾಗಿ ಕೊನೆಯ ತಿಂಗಳುಗಳಲ್ಲಿ. ಅದರ ಬೇರು ಇರುವುದು ಹೊಟ್ಟೆ ಇನ್ನೂ ಕಾಣಿಸದ ದಿನಗಳಲ್ಲಿ. ಬಸುರಿನ ಮೊದಲರ್ಧದಲ್ಲಿ ಮಾಸಿನ ಜೀವಕೋಶಗಳು ಗರ್ಭಕೋಶದ ಗೋಡೆಯೊಳಕ್ಕೆ ನುಗ್ಗಿ, ಅಲ್ಲಿನ ಸುರುಳಿ ರಕ್ತನಾಳಗಳ ಸ್ನಾಯುವನ್ನು ಅಳಿಸಿ, ಅವು ಯಾವಾಗಲೂ ಅಗಲವಾಗಿ ತೆರೆದೇ ಇರುವಂತೆ ಮಾಡಬೇಕು. ಆ ಕೆಲಸ ಅರೆಬರೆಯಾದರೆ ನಾಳಗಳು ಕಿರಿದಾಗಿಯೇ ಉಳಿಯುತ್ತವೆ. ಮಗು ಸಣ್ಣದಿರುವಾಗ ಅಷ್ಟು ರಕ್ತ ಸಾಲುತ್ತದೆ. ದೊಡ್ಡದಾಗುತ್ತ ಸಾಲದಾಗುತ್ತದೆ. ಬಳಲಿದ ಮಾಸು ತಾಯಿಯ ರಕ್ತಕ್ಕೆ ಬಿಡುವ ಪ್ರೋಟೀನುಗಳು ಅವಳ ಮೈಯ ರಕ್ತನಾಳಗಳ ಒಳಪದರವನ್ನೇ ಕೆಡಿಸುತ್ತವೆ. ಬಿಪಿ ಏರುವುದು, ಮೂತ್ರದಲ್ಲಿ ಪ್ರೋಟೀನ್ ಹೋಗುವುದು, ತಲೆನೋವು, ಕಣ್ಣಿನ ಮುಂದೆ ಮಿಂಚು, ಬಲಪಕ್ಕೆಯ ಕೆಳಗೆ ನೋವು ಎಲ್ಲ ಅದರ ಪರಿಣಾಮ. ಅತ್ತ ಒಳಗೆ ಮಗು ಇದ್ದ ರಕ್ತವನ್ನು ಮಿದುಳಿಗೂ ಹೃದಯಕ್ಕೂ ತಿರುಗಿಸಿಕೊಂಡು, ಕೈಕಾಲು ಹೊಟ್ಟೆಗಳಿಗೆ ಕಡಿಮೆ ಮಾಡುತ್ತದೆ. ಸ್ಕ್ಯಾನ್‌ನಲ್ಲಿ ತಲೆ ಸರಿಯಾದ ಅಳತೆಗಿದ್ದು ಹೊಟ್ಟೆಯ ಸುತ್ತಳತೆ ಹಿಂದೆ ಬಿದ್ದಿರುತ್ತದೆ. ಬಡಕಲು ಮೈ, ದೊಡ್ಡ ತಲೆಯ ಆ ಮಗು ಹುಟ್ಟಿದ ಮೇಲೆ ಬೇಗ ತಣ್ಣಗಾಗುತ್ತದೆ, ಸಕ್ಕರೆ ಇಳಿಯುತ್ತದೆ, ರಕ್ತ ಹಸಿದಿದ್ದ ಕರುಳು ಹಾಲನ್ನು ತಡೆದುಕೊಳ್ಳುವುದೇ ಕಷ್ಟವಾಗುತ್ತದೆ.

ಈ ಕಾಯಿಲೆಗೆ ಮದ್ದು ಒಂದೇ, ಮಾಸನ್ನು ಹೊರತೆಗೆಯುವುದು. ಅಂದರೆ ಹೆರಿಗೆ. ಮಗುವಿಗೆ ಒಳಗಿರುವ ಒಂದೊಂದು ದಿನವೂ ಬೇಕು, ತಾಯಿಗೆ ಒಂದೊಂದು ಗಂಟೆಯೂ ಅಪಾಯ. ನನ್ನ ಅಕ್ಕನ ಮಗಳು ಮೂವತ್ತೊಂದನೇ ವಾರದಲ್ಲಿ ಹುಟ್ಟಿದ್ದು ಈ ಲೆಕ್ಕಾಚಾರದಲ್ಲಿ. ಅಕ್ಕ ಮಾಮೂಲಿ ಚೆಕಪ್‌ಗೆ ಹೋದವಳು ಅಡ್ಮಿಟ್ ಆದಳು. ‘ತಲೆನೋವು ಬಿಟ್ಟರೆ ನನಗೇನೂ ಆಗಿಲ್ಲ ಕಣೆ, ಮನೆಗೆ ಕಳಿಸಲಿಕ್ಕೆ ಹೇಳು’ ಎಂದು ಸಂಜೆಯವರೆಗೂ ನನ್ನ ಹತ್ತಿರ ಜಗಳ. ರಾತ್ರಿ ಡಾಕ್ಟರು ಬಂದು, ಮೊದಲ ಸ್ಟೀರಾಯ್ಡ್ ಆಗಿದೆ, ಎರಡನೆಯದು ಆಗಿ ಒಂದು ದಿನ ಕಳೆದರೆ ಸಾಕು, ಅಷ್ಟನ್ನು ನಿಮ್ಮ ಬಿಪಿ ಬಿಟ್ಟುಕೊಟ್ಟರೆ ನಾನು ಗೆದ್ದೆ ಎಂದರು. ಮ್ಯಾಗ್ನೀಸಿಯಂ ಸಲ್ಫೇಟ್ ಡ್ರಿಪ್ ಹಾಕಿದಾಗ ಅಕ್ಕನಿಗೆ ಮೈಯೆಲ್ಲ ಉರಿ, ಗಂಟಲು ಒಣಗಿ ಮಾತು ಹೊರಡದು. ಫಿಟ್ಸ್ ಬರದಂತೆ ತಾಯಿಗೆ ಕೊಡುವ ಔಷಧ ಅದು. 2002ರಲ್ಲಿ ಪ್ರಕಟವಾದ, ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರಿದ್ದ ಮ್ಯಾಗ್‌ಪೈ ಅಧ್ಯಯನ, ಫಿಟ್ಸ್‌ನ ಅಪಾಯವನ್ನು ಅದು ಅರ್ಧಕ್ಕಿಂತ ಕೆಳಗಿಳಿಸುತ್ತದೆ ಎಂದು ತೋರಿಸಿತ್ತು. ಅದೇ ಡ್ರಿಪ್ ತೀರಾ ಬೇಗ ಹುಟ್ಟುವ ಮಗುವಿನ ಮಿದುಳನ್ನೂ ಕಾಯುತ್ತದೆ, ಮುಂದೆ ಕೈಕಾಲು ಬಿಗಿದುಕೊಳ್ಳುವ ಸೆರೆಬ್ರಲ್ ಪಾಲ್ಸಿ ಬರುವ ಸಾಧ್ಯತೆಯನ್ನು ಸುಮಾರು ಮೂರನೇ ಒಂದರಷ್ಟು ತಗ್ಗಿಸುತ್ತದೆ ಎಂಬುದು ಆಮೇಲಿನ ಅಧ್ಯಯನಗಳಿಂದ ತಿಳಿಯಿತು. ಅಕ್ಕನ ಬಿಪಿ ಆ ಒಂದು ದಿನವನ್ನು ಬಿಟ್ಟುಕೊಟ್ಟಿತು. ಮಗು, ಮೂಗಿನ ಮೂಲಕ ಒತ್ತಡದಿಂದ ಗಾಳಿ ಕೊಡುವ ಸಿಪ್ಯಾಪ್ ಯಂತ್ರದ ಮೇಲೆ ಸ್ವಲ್ಪ ಕಾಲ ಇದ್ದು ತಾನಾಗಿ ಉಸಿರಾಡಿತು. ಎಷ್ಟು ಪಾಲು ಔಷಧ, ಎಷ್ಟು ಪಾಲು ಅದೃಷ್ಟ ಎಂದು ಒಂದು ಮಗುವಿನ ಮಟ್ಟಿಗೆ ಯಾರೂ ಹೇಳಲಾರರು.

ಅಪಾಯವಿರುವ ಬಸುರಿಯರನ್ನು ಮೊದಲೇ ಗುರುತಿಸಿ, ಹದಿನಾರು ವಾರಕ್ಕೆ ಮುಂಚೆ ಸಣ್ಣ ಪ್ರಮಾಣದ ಆಸ್ಪಿರಿನ್ ಶುರು ಮಾಡಿದರೆ ಈ ಕಾಯಿಲೆಯ ಬೇಗ ಬರುವ, ಕೆಟ್ಟ ಬಗೆಯನ್ನು ಬಹಳಷ್ಟು ತಡೆಯಬಹುದು. 2017ರ ಒಂದು ದೊಡ್ಡ ಅಧ್ಯಯನದಲ್ಲಿ ಮೂವತ್ತೇಳು ವಾರಕ್ಕೆ ಮೊದಲಿನ ಪ್ರಿಎಕ್ಲಾಂಪ್ಸಿಯಾ ಶೇ 4.3ರಿಂದ 1.6ಕ್ಕೆ ಇಳಿದಿತ್ತು. ಯಾವ ಅಂಗಡಿಯಲ್ಲೂ ಸಿಗುವ ಹಳೆಯ ಮಾತ್ರೆ! ಹಾಗೆಂದು ತಾನಾಗಿ ನುಂಗುವಂಥದ್ದಲ್ಲ, ಡಾಕ್ಟರು ಹೇಳಬೇಕು. ಆದರೆ ಹದಿನಾರು ವಾರಕ್ಕೆ ಮೊದಲು ಡಾಕ್ಟರ ಮುಂದೆ ಕೂತಿದ್ದರೆ ತಾನೇ ಅವರು ಹೇಳುವುದು.

ಸಕ್ಕರೆ ಕಾಯಿಲೆಯಲ್ಲಿ ತಾಯಿ ಮಗುವಿನ ನಂಟು ಇನ್ನೊಂದು ಬಗೆಯಲ್ಲಿ ಕಾಣುತ್ತದೆ. ಗ್ಲೂಕೋಸ್ ಮಾಸನ್ನು ದಾಟುತ್ತದೆ, ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಹಾಗಾಗಿ ತಾಯಿಯ ಸಕ್ಕರೆ ಹೆಚ್ಚಿದ್ದರೆ ಮಗು ತನ್ನದೇ ಇನ್ಸುಲಿನ್ ಧಾರಾಳವಾಗಿ ಮಾಡಿಕೊಂಡು ದಪ್ಪವಾಗುತ್ತದೆ. ನಾಲ್ಕು ಕಿಲೋ ದಾಟಿದ ಕೂಸನ್ನು ನೋಡಿ ಎಲ್ಲರಿಗೂ ಖುಷಿ. ಹೊಕ್ಕುಳಬಳ್ಳಿ ಕತ್ತರಿಸಿದ ಕ್ಷಣಕ್ಕೆ ಸಕ್ಕರೆಯ ಸರಬರಾಜು ನಿಲ್ಲುತ್ತದೆ, ಮಗುವಿನ ಇನ್ಸುಲಿನ್ ಮಾತ್ರ ಮೊದಲಿನಂತೆಯೇ ಸುರಿಯುತ್ತಿರುತ್ತದೆ. ಗಂಟೆಯೊಳಗೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಆ ಹೆಚ್ಚುವರಿ ಇನ್ಸುಲಿನ್ ಸರ್ಫ್ಯಾಕ್ಟಂಟ್ ತಯಾರಿಯನ್ನೂ ತಡಮಾಡುವುದರಿಂದ, ಗುಂಡುಗುಂಡಾಗಿರುವ ಮಗು ತಿಂಗಳು ತುಂಬದ ಮಗುವಿನಂತೆ ಏದುಸಿರು ಬಿಡುವುದೂ ಉಂಟು. ಹೆರಿಗೆಯಲ್ಲಿ ಮಗುವಿನ ಹೆಗಲು ಸಿಕ್ಕಿಹಾಕಿಕೊಳ್ಳುವ ಭಯ ಬೇರೆ. ಇದರಲ್ಲಿ ಬಹುಪಾಲು ತಪ್ಪುವುದು ತಾಯಿಯ ಸಕ್ಕರೆ ಹಿಡಿತದಲ್ಲಿದ್ದರೆ.

ಆರ್‌ಎಚ್ ನೆಗೆಟಿವ್ ರಕ್ತದ ತಾಯಂದಿರ ಮೈ ಮಗುವಿನ ರಕ್ತದ ವಿರುದ್ಧ ತಿರುಗಿಬೀಳದಂತೆ 1968ರಿಂದ ಸಿಗುತ್ತಿರುವ ಆಂಟಿ-ಡಿ ಇಂಜೆಕ್ಷನ್, ಸಿಫಿಲಿಸ್‌ಗೆ ಪೆನಿಸಿಲಿನ್, ಬಸುರಿಯರ ಟೆಟನಸ್ ಲಸಿಕೆ ಎಲ್ಲವೂ ಇದೇ ಜಾತಿಯವು. ಟೆಟನಸ್‌ನದೊಂದು ಲೆಕ್ಕ ಹೇಳಿ ಮುಂದಕ್ಕೆ ಹೋಗುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 1988ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ಹಸುಗೂಸುಗಳು ಆ ಸೆಟೆತದಲ್ಲಿ ಸತ್ತಿದ್ದವು. 2018ರಲ್ಲಿ ಸುಮಾರು 25 ಸಾವಿರ. ಸ್ವಚ್ಛವಾದ ಹೆರಿಗೆಯ ಜೊತೆಗೆ ಇದನ್ನು ಸಾಧಿಸಿದ್ದು ತಾಯಂದಿರ ತೋಳಿಗೆ ಬಿದ್ದ ಲಸಿಕೆ.

ಇನ್ನು ಹೆರಿಗೆಯ ಹೊತ್ತು. ಮಗುವಿಗೆ ಏನೇ ಆದರೂ ನಾವು ಮೊದಲು ಬೆರಳು ತೋರಿಸುವುದು ಅದರ ಕಡೆಗೆ. ನೋವು ಎದ್ದಾಗಲೆಲ್ಲ ಗರ್ಭಕೋಶ ಬಿಗಿದು ಮಾಸಿಗೆ ಹೋಗುವ ರಕ್ತ ಕೆಲಹೊತ್ತು ಕಡಿಮೆಯಾಗುತ್ತದೆ, ನೋವು ಇಳಿದಾಗ ಮತ್ತೆ ಬರುತ್ತದೆ. ಚೆನ್ನಾಗಿ ಬೆಳೆದ ಮಗುವಿಗೆ ಇದನ್ನು ತಾಳಿಕೊಳ್ಳುವಷ್ಟು ಕೂಡಿಟ್ಟ ಶಕ್ತಿ ಇರುತ್ತದೆ. ತಿಂಗಳುಗಟ್ಟಲೆ ರಕ್ತ ಸಾಲದೆ ಬೆಳೆದ ಮಗುವಿಗೆ ಅದೇ ನೋವುಗಳು, ಅಷ್ಟೇ ಹೊತ್ತಿನ ಹೆರಿಗೆ, ತಡೆಯಲಾರದಷ್ಟು ಆಗುತ್ತದೆ. ಹೃದಯಬಡಿತ ಕುಸಿಯುತ್ತದೆ, ಒಳಗೇ ಮಲ ಮಾಡಿಕೊಳ್ಳುತ್ತದೆ, ಹುಟ್ಟಿದಾಗ ಅಳುವುದಿಲ್ಲ. ನೋಡಿದವರಿಗೆ ಎಲ್ಲವೂ ಆ ಕೊನೆಯ ಗಂಟೆಯಲ್ಲೇ ನಡೆದಂತೆ ತೋರುತ್ತದೆ.

ಈ ವಾದ ಹಳೆಯದು. 1861ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಜಾನ್ ಲಿಟಲ್, ಕಷ್ಟದ ಹೆರಿಗೆ ಮತ್ತು ದಿನ ತುಂಬದ ಜನನಗಳಿಗೂ ಮಕ್ಕಳ ಕೈಕಾಲು ಬಿಗಿದುಕೊಳ್ಳುವ ಕಾಯಿಲೆಗೂ ನಂಟಿದೆ ಎಂದು ಪ್ರಬಂಧ ಓದಿದರು. ನಾವು ಈಗ ಸೆರೆಬ್ರಲ್ ಪಾಲ್ಸಿ ಎನ್ನುವುದು ಅದನ್ನೇ. ಮನಸ್ಸಿನ ವಿಚಾರದಲ್ಲಿ ಹೆಸರು ಮಾಡುವ ಮೊದಲು ನರವೈದ್ಯರಾಗಿದ್ದ ಸಿಗ್ಮಂಡ್ ಫ್ರಾಯ್ಡ್ 1897ರಲ್ಲಿ ತಿರುವುಮುರುವು ಪ್ರಶ್ನೆ ಎತ್ತಿದರು: ಕಷ್ಟದ ಹೆರಿಗೆಯೇ ಕಾರಣವೋ, ಇಲ್ಲಾ ಗರ್ಭದಲ್ಲೇ ಏನೋ ಕೆಟ್ಟಿದ್ದರಿಂದ ಹೆರಿಗೆಯೂ ಕಷ್ಟವಾಯಿತೋ? ಬಹುಕಾಲ ಯಾರೂ ಕಿವಿಗೊಡಲಿಲ್ಲ. 1980ರ ದಶಕದ ದೊಡ್ಡ ಅಧ್ಯಯನಗಳು ಫ್ರಾಯ್ಡ್ ಕಡೆಗೇ ವಾಲಿದವು. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಹುಟ್ಟುವಾಗ ಉಸಿರುಕಟ್ಟಿದ್ದೇ ಕಾರಣವಾದವರು ಸಣ್ಣ ಪಾಲು. ಹೀಗೆಂದರೆ ಹೆರಿಗೆ ಕೋಣೆಯಲ್ಲಿ ಆಗುವ ನಿರ್ಲಕ್ಷ್ಯಕ್ಕೆ ಮಾಫಿ ಕೊಟ್ಟಂತಲ್ಲ. ನೋಡುವವರಿಲ್ಲದೆ, ಸಿಸೇರಿಯನ್‌ಗೆ ತಡವಾಗಿ, ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್ ಹಿಡಿಯುವ ಕೈ ಇಲ್ಲದೆ ಸಾಯುವ ಮಕ್ಕಳು ಲಕ್ಷಗಟ್ಟಲೆ ಇದ್ದಾರೆ.

ಉಸಿರುಕಟ್ಟಿ ಹುಟ್ಟಿದ ಮಗುವಿನ ಮಿದುಳಿಗೆ ಪೆಟ್ಟು ಬೀಳುವುದು ಎರಡು ಕಂತಿನಲ್ಲಿ. ಮೊದಲ ಪೆಟ್ಟಿನಿಂದ ಚೇತರಿಸಿಕೊಂಡಂತೆ ಕಂಡು, ಕೆಲವು ಗಂಟೆಗಳ ನಂತರ ಜೀವಕೋಶಗಳು ಮತ್ತೆ ಕುಸಿಯುತ್ತವೆ. ನಡುವಿನ ಬಿಡುವಿನಲ್ಲಿ, ಹುಟ್ಟಿ ಆರು ಗಂಟೆಯೊಳಗೆ ಶುರು ಮಾಡಿ, ಮಗುವಿನ ಮೈಯನ್ನು 33-34 ಡಿಗ್ರಿ ಸೆಲ್ಸಿಯಸ್‌ಗೆ ತಂಪಾಗಿಸಿ 72 ಗಂಟೆ ಇಟ್ಟರೆ ಸಾವೂ ಅಂಗವೈಕಲ್ಯವೂ ಕಡಿಮೆಯಾಗುತ್ತವೆ ಎಂದು ಶ್ರೀಮಂತ ದೇಶಗಳ ಅಧ್ಯಯನಗಳು ತೋರಿಸಿದ್ದವು. ಅದನ್ನೇ ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ ಆಸ್ಪತ್ರೆಗಳಲ್ಲಿ ಮಾಡಿ ನೋಡಿದ ಹೆಲಿಕ್ಸ್ ಅಧ್ಯಯನ 2021ರಲ್ಲಿ ಬಂದಾಗ ಎಲ್ಲರೂ ಬೆಚ್ಚಿದರು. ತಂಪು ಮಾಡಿದ ಮಕ್ಕಳಲ್ಲಿ ಶೇ 42 ಸತ್ತಿದ್ದರೆ ಮಾಡದವರಲ್ಲಿ ಶೇ 31. ಯಂತ್ರ ಅದೇ, ಗಂಟೆ ಅಷ್ಟೇ. ಇಲ್ಲಿನ ಮಕ್ಕಳಲ್ಲಿ ಮಿದುಳಿನ ಪೆಟ್ಟು ಹೆರಿಗೆಗೂ ಬಹಳ ಮೊದಲೇ, ನಿಧಾನವಾಗಿ ಶುರುವಾಗಿರಬಹುದು, ಆರು ಗಂಟೆಯ ಗಡಿಯಾರ ಅವರಿಗೆ ಆಗಲೇ ಮುಗಿದಿರಬಹುದು ಎಂಬುದು ಸಂಶೋಧಕರು ಮುಂದಿಟ್ಟ ವಿವರಣೆಗಳಲ್ಲಿ ಒಂದು.

ಸ್ಟೀರಾಯ್ಡ್ ಇಂಜೆಕ್ಷನ್ನಿನದೂ ಇಂಥದೇ ಒಂದು ಅಧ್ಯಾಯ ಇದೆ. ಇಷ್ಟು ಒಳ್ಳೆಯದಾದರೆ ಸಣ್ಣ ಕೇಂದ್ರಗಳಲ್ಲೂ ಧಾರಾಳವಾಗಿ ಕೊಡಬಾರದೇಕೆ ಎಂದು ಭಾರತವೂ ಸೇರಿ ಆರು ದೇಶಗಳಲ್ಲಿ ನಡೆಸಿದ ಅಧ್ಯಯನ 2015ರಲ್ಲಿ ಬಂತು. ತೂಕ ಕಡಿಮೆಯಿದ್ದ ಮಕ್ಕಳ ಸಾವು ಇಳಿಯಲಿಲ್ಲ; ಒಟ್ಟಾರೆ ಶಿಶುಮರಣ ಹೆಚ್ಚಾಯಿತು, ತಾಯಂದಿರಲ್ಲಿ ಸೋಂಕೂ ಹೆಚ್ಚು ಕಂಡಿತು. ಎಷ್ಟನೇ ವಾರ ಎಂಬುದೇ ಸರಿಯಾಗಿ ಗೊತ್ತಿಲ್ಲದೆ, ಬೇಡದವರಿಗೂ ಔಷಧ ಹೋಗಿತ್ತು. ಹುಟ್ಟಿದ ಮೇಲೆ ಆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆಯೂ ಹಲವೆಡೆ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತೆ ಆಸ್ಪತ್ರೆಗಳಲ್ಲಿ ಮಾತ್ರ, ಸ್ಕ್ಯಾನ್‌ನಿಂದ ವಾರ ಖಚಿತ ಮಾಡಿಕೊಂಡು, ಸೋಂಕಿಲ್ಲವೆಂದು ನೋಡಿ, ಮಕ್ಕಳ ಆರೈಕೆಯ ಏರ್ಪಾಡು ಇದ್ದಲ್ಲಿ ಕೊಡಿಸಿತು. 2020ರ ಆ ಫಲಿತಾಂಶದಲ್ಲಿ ಹಸುಗೂಸುಗಳ ಸಾವು ಶೇ 23.5ರಿಂದ 19.6ಕ್ಕೆ ಇಳಿಯಿತು. ಮೊದಲ ಮೂರು ತಿಂಗಳಲ್ಲಿ ಮಾಡಿಸುವ ಒಂದು ಸ್ಕ್ಯಾನ್, ಮಗುವಿನ ಫೋಟೋ ನೋಡಲಿಕ್ಕೆ ಎಂದು ಎಲ್ಲರೂ ಅಂದುಕೊಳ್ಳುವ ಸ್ಕ್ಯಾನ್, ಕೆಲವು ತಿಂಗಳ ನಂತರ ಒಂದು ಇಂಜೆಕ್ಷನ್ ಅಮೃತವೋ ವಿಷವೋ ಎಂದು ನಿರ್ಧರಿಸಿಬಿಡುತ್ತದೆ. ಈ ವಿಷಯವಾಗಿ ಯಾರಾದರೂ ನನ್ನನ್ನು ಒಂದೇ ಮಾತು ಕೇಳಿದರೆ ನಾನು ಹೇಳುವುದು ಇದನ್ನು: ಬೇಗ ಹೋಗಿ, ವಾರ ಎಷ್ಟೆಂದು ಬರೆಸಿಕೊಳ್ಳಿ.

ಹುಟ್ಟಿದ ಮೇಲೆ ಮಗು ಒಂದು ಕಡೆ, ತಾಯಿ ಒಂದು ಕಡೆ. ಅಕ್ಕ ವಾರ್ಡಿನಲ್ಲಿ, ಮಗು ಎರಡು ಮಹಡಿ ಮೇಲಿನ ಎನ್‌ಐಸಿಯುವಿನಲ್ಲಿ. ನಡುವೆ ಹಾಲಿನ ಪುಟ್ಟ ಡಬ್ಬಿ ಹಿಡಿದು ಓಡಾಡುತ್ತಿದ್ದವಳು ನಾನು. ಎದೆಗೆ ಅವುಚಿಕೊಂಡು ಮಗುವನ್ನು ಬೆಚ್ಚಗಿಡುವ ಕಾಂಗರೂ ಆರೈಕೆಯನ್ನು ಮಕ್ಕಳ ವೈದ್ಯ ಎಡ್ಗರ್ ರೇ 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಶುರು ಮಾಡಿದ್ದು ಇನ್‌ಕ್ಯುಬೇಟರ್‌ಗಳು ಸಾಲದೆ. ಬಹುಕಾಲ ಅದನ್ನು ಬಡವರ ಉಪಾಯ ಎಂದೇ ನೋಡಿದರು, ಅದೂ ಮಗು ಸ್ಥಿರವಾದ ಮೇಲೆ ಮಾತ್ರ. 2021ರಲ್ಲಿ ಘಾನಾ, ಭಾರತ, ಮಲಾವಿ, ನೈಜೀರಿಯಾ, ಟಾಂಜಾನಿಯಾಗಳ ಅಧ್ಯಯನವೊಂದು, ಒಂದರಿಂದ 1.8 ಕಿಲೋ ಒಳಗಿನ ಮಕ್ಕಳನ್ನು ಸ್ಥಿರವಾಗುವವರೆಗೆ ಕಾಯದೆ ಹುಟ್ಟಿದೊಡನೆ ತಾಯಿಯ ಎದೆಗೆ ಕೊಟ್ಟು ನೋಡಿತು. ಅದಕ್ಕಾಗಿ ತಾಯಿಯ ಮಂಚವನ್ನೇ ಎನ್‌ಐಸಿಯು ಒಳಗೆ ತಂದಿಟ್ಟರು. ಮೊದಲ 28 ದಿನಗಳ ಸಾವು ಶೇ 15.7ರಿಂದ 12ಕ್ಕೆ ಇಳಿಯಿತು. ಹೊಸ ಔಷಧವಿಲ್ಲ, ಮಂಚ ಸರಿಸಿದ್ದು ಅಷ್ಟೇ. ಅಷ್ಟೇ ಎಂದು ಬರೆದುಬಿಟ್ಟೆ, ಆದರೆ ಹೆರಿಗೆಯವರೂ ಮಕ್ಕಳವರೂ ಒಂದೇ ಕೋಣೆಯಲ್ಲಿ ಕೆಲಸ ಮಾಡಬೇಕಾಗುತ್ತದಲ್ಲ, ಮಂಚ ಸರಿಸಿದಷ್ಟು ಸುಲಭವಲ್ಲ ಅದು.

ತಾಯಿ ಅಲ್ಲೇ ಇದ್ದರೆ ಅವಳ ಮೇಲೂ ಯಾರದಾದರೂ ಕಣ್ಣು ಇರುತ್ತದೆ. ಪ್ರಿಎಕ್ಲಾಂಪ್ಸಿಯಾ ಹೆರಿಗೆಯಾದೊಡನೆ ಮಾಯವಾಗುವುದಿಲ್ಲ. ಬಿಪಿ ಅತಿ ಹೆಚ್ಚು ಏರುವುದು ಸಾಮಾನ್ಯವಾಗಿ ಹೆರಿಗೆಯಾಗಿ ಮೂರರಿಂದ ಆರನೇ ದಿನದ ನಡುವೆ, ಫಿಟ್ಸ್ ಕೂಡ ಆಗ ಬರಬಹುದು. ಅಷ್ಟು ಹೊತ್ತಿಗೆ ಮನೆಯವರೆಲ್ಲ ಎನ್‌ಐಸಿಯು ಬಾಗಿಲಲ್ಲಿ ನಿಂತಿರುತ್ತಾರೆ. ತಾಯಿಯ ತಲೆನೋವನ್ನು ನಿದ್ದೆಗೆಟ್ಟದ್ದಕ್ಕೆ ಎಂದು ತೀರ್ಮಾನಿಸಿರುತ್ತಾರೆ, ಅವಳೇ ತೀರ್ಮಾನಿಸಿರುತ್ತಾಳೆ. ನಮ್ಮ ಮನೆಯ ಮಗು ಡಿಸ್ಚಾರ್ಜ್ ಆದಾಗ ಕೊಟ್ಟ ಫೈಲು ದಪ್ಪಗಿತ್ತು: ಕಣ್ಣಿನ ಪರೀಕ್ಷೆ, ಕಿವಿಯ ಪರೀಕ್ಷೆ, ತಲೆಯ ಸ್ಕ್ಯಾನ್, ಲಸಿಕೆಗಳ ತಾರೀಕು. ಅಕ್ಕನದು ಒಂದೇ ಹಾಳೆ, ಬಿಪಿ ಮಾತ್ರೆ ಮುಂದುವರಿಸಿ ಎಂದು. ಈ ಕಾಯಿಲೆ ಬಂದ ಹೆಂಗಸರಿಗೆ ಮುಂದಿನ ವರ್ಷಗಳಲ್ಲಿ ಹೃದ್ರೋಗ, ಪಾರ್ಶ್ವವಾಯುಗಳ ಅಪಾಯ ಉಳಿದವರಿಗಿಂತ ಸುಮಾರು ಎರಡು ಪಟ್ಟು ಎಂಬುದು ಆ ಹಾಳೆಯಲ್ಲಿ ಇರಲಿಲ್ಲ. ನಾವು ಅದನ್ನು ಆಮೇಲೆ ಓದಿ ತಿಳಿದುಕೊಂಡೆವು. ಈಗ ಅಕ್ಕ ಯಾವ ಡಾಕ್ಟರ ಹತ್ತಿರ ಹೋದರೂ, ಹಲ್ಲುನೋವಿಗೆ ಹೋದರೂ, ಅವರು ಕೇಳುವ ಮೊದಲೇ ಹೇಳುತ್ತಾಳೆ: ಬಸುರಿನಲ್ಲಿ ಬಿಪಿ ಏರಿತ್ತು, ಮಗು ಮೂವತ್ತೊಂದು ವಾರಕ್ಕೆ ಹುಟ್ಟಿತು. ಕೆಲವರು ಬರೆದುಕೊಳ್ಳುತ್ತಾರೆ. ಕೆಲವರು, ‘ಮಗು ಈಗ ಚೆನ್ನಾಗಿದೆಯಾ?’ ಎಂದು ಕೇಳಿ ಮುಂದಿನ ಪ್ರಶ್ನೆಗೆ ಹೋಗುತ್ತಾರೆ.